ಚರಂಡಿಯ ಅಂದಾಜುಪಟ್ಟಿ

ದಾವಣಗೆರೆಯ ಪಾಲಿಕೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಚರಂಡಿಯ ಕಡತ ನನ್ನ ಮೇಜಿನ ಮೇಲೆ.
ಎಷ್ಟು ಮೀಟರು, ಎಷ್ಟು ಚೀಲ ಸಿಮೆಂಟು, ಎಲ್ಲ ಬರೆದು ಬರುತ್ತದೆ.
ಯಾವ ಬೀದಿ ಅನ್ನುವುದು ಮಾತ್ರ
ಬಾಯಲ್ಲಿ ಬರುತ್ತದೆ, ಚಹಾದ ಜೊತೆ.

ಸದಸ್ಯ ಹಾಲೇಶಪ್ಪ ಕೆಟ್ಟವನಲ್ಲ.
ಅಮ್ಮ ತೀರಿದಾಗ ಶಾಮಿಯಾನ ಕಳಿಸಿದ,
ಇವತ್ತಿನವರೆಗೆ ಬಾಡಿಗೆ ಕೇಳಿಲ್ಲ.
ಅವನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ:
ಯಾವ ಬೂತಿಗೆ ಎಷ್ಟು ಬಿತ್ತು.
ಮಡಿಕೆ ಸವೆದು ಎರಡು ಅಂಕಿ ಹರಿದುಹೋಗಿವೆ,
ಅವನಿಗವು ಮಗ್ಗಿಯಷ್ಟು ಬಾಯಿಪಾಠ.

ಭಟ್ಟಿ ಸಾಲು. ಆರುನೂರ ಹನ್ನೆರಡರಲ್ಲಿ ಐನೂರ ತೊಂಬತ್ತು.
ಹತ್ತಿ ಗಿರಣಿ ಮುಚ್ಚಿದಾಗ ಮಂಡಕ್ಕಿಗೆ ಬಂದ ಮನೆಗಳು,
ಅಪ್ಪ ಒತ್ತಿದ ಗುರುತನ್ನೇ ಮಗಳೂ ಒತ್ತುತ್ತಾಳೆ.
‘ನಮ್ಮೋರೇ ಬಿಡ್ರಿ ಮೇಡಂ, ಕಾಯ್ತಾರೆ.’

ಬ್ಯಾಂಕ್ ಲೇಔಟು. ನಲವತ್ತೊಂದು.
‘ಹೊಳೇಲಿ ಹುಣಸೆಹಣ್ಣು ತೊಳೆದಂಗೆ.’

ನೀರಿನ ಟ್ಯಾಂಕಿನ ಬೀದಿ ಮಾತ್ರ
ಒಮ್ಮೆ ಮೂವತ್ತು ಹೆಚ್ಚು ಕೊಟ್ಟು
ಮರುಸಲ ಹದಿನೇಳು ಕಡಿಮೆ ಮಾಡಿತು.
ಅಲ್ಲಿ ಚರಂಡಿ. ಚರಂಡಿಗೆ ಚಪ್ಪಡಿ.
ಚಪ್ಪಡಿಯ ಪಕ್ಕ ಅವನ ಹೆಸರಿನ ಸಿಮೆಂಟು ಬೆಂಚು.
ಎರಡು ವರ್ಷಕ್ಕೆ ಅದನ್ನೇ ಅಗೆದು ಇನ್ನೊಮ್ಮೆ ಹೊಸ ಚರಂಡಿ.
ನಮ್ಮ ಮನೆಯೂ ಅದೇ ಬೀದಿಯಲ್ಲಿದೆ.
ಆ ಹದಿನೇಳರಲ್ಲಿ ನಾನೊಬ್ಬಳೋ ಅಲ್ಲವೋ
ಗಂಡನಿಗೂ ಹೇಳಿಲ್ಲ.

ಜೈತುನ್‌ಬಿ ತಿಂಗಳಿಗೊಮ್ಮೆ ಅರ್ಜಿ ತರುತ್ತಿದ್ದಳು,
ಮೊಣಕೈವರೆಗೆ ಮಸಿ, ಸೆರಗಿನ ತುಂಬ ತೌಡು.
ಮಳೆ ಬಂದರೆ ನೆನೆಸಿಟ್ಟ ಭತ್ತಕ್ಕೆ ಕೊಚ್ಚೆ ನುಗ್ಗುತ್ತದೆ,
ಉಪ್ಪು ಹಾಕಿದ್ದೂ ದಂಡ, ಉರುವಲೂ ದಂಡ.
ಒಂದು ದಿನ ಅರ್ಜಿಯಿಲ್ಲದೆ ಬಂದು ಕೇಳಿದಳು:
‘ಟ್ಯಾಂಕಿನ ಬೀದಿಯೋರು ಏನ್ ಕೊಟ್ರಮ್ಮ?’
‘ಏನೂ ಕೊಡಲಿಲ್ಲ,’ ಅಂದೆ,
‘ಕೊಡ್ತೀವಿ ಅಂತ ಹೇಳಲೂ ಇಲ್ಲ.’
ಆ ಕುರ್ಚಿಯಲ್ಲಿ ಕೂತು ನಾನು ಆಡಿದ
ಅತಿ ದುಬಾರಿ ಮಾತು ಬಹುಶಃ ಅದೇ.

ಚುನಾವಣೆಗೆ ಮೂರು ತಿಂಗಳಿದ್ದಾಗ
ಹಾಲೇಶಪ್ಪ ಸಾಲಿಗೆ ಹೋದ, ಕೈ ಮುಗಿದ.
ಹಾರ ಬರಲಿಲ್ಲ. ಬಯ್ಗುಳವೂ ಬರಲಿಲ್ಲ.
ಬಾಣಲೆಯ ಬಿಸಿ ಮರಳಿನಿಂದ ಕಣ್ಣೆತ್ತದೆ
ಮೊದಲ ಮನೆಯವಳು ಅಂದಳು: ನೋಡಾಣ.
ಪಕ್ಕದವಳು: ನೋಡಾಣ.
ಗಿರಣಿಯ ಪಿಂಚಣಿ ಸಿಗದೇ ಹೋದ ಮುದುಕ,
ಅವನ ಮೊದಲ ಚುನಾವಣೆಗೆ ಗೋಡೆ ಬರೆದವನು,
ಬೀಡಿ ಕಚ್ಚಿಕೊಂಡೇ ಅಂದ: ನೋಡಾಣ ಬಿಡಪ್ಪ.
ತೊಂಬತ್ತು ಮನೆ. ಒಂದೇ ಪದ.
ಭತ್ತವೂ ಅಷ್ಟೇ, ಕಾದ ಮರಳಲ್ಲಿ ಒಂದು ಗಳಿಗೆ ಸುಮ್ಮನಿರುತ್ತದೆ.

ಮರುವಾರ ಚಹಾದ ಜೊತೆ ಬಾಯಲ್ಲಿ ಬಂತು:
ಭಟ್ಟಿ ಸಾಲು, ನೂರ ಎಂಬತ್ತು ಮೀಟರು.
ನೀತಿ ಸಂಹಿತೆಗೆ ಎಂಟು ದಿನ ಮುಂಚೆ ಗುದ್ದಲಿ ಪೂಜೆ,
ತೆಂಗಿನಕಾಯಿ ಒಡೆದದ್ದು ಅದೇ ಮುದುಕ.

ಕುಣಿಯಬೇಕಿತ್ತು ನಾನು. ಆದರೆ
ದುಡ್ಡು ಮಂಡಕ್ಕಿಯಲ್ಲ, ಒಂದು ಸೇರು ಹತ್ತು ಸೇರಾಗಿ ಅರಳಲು.
ಎಲ್ಲಿಂದ ತೆಗೆಯುವುದು? ಟ್ಯಾಂಕಿನ ಬೀದಿಯಿಂದಲ್ಲ,
ಅಲ್ಲಿನ್ನೂ ಹದಿನೇಳು ಬಾಕಿ.
ಮಾರುಕಟ್ಟೆಯ ಹಿಂದೆ ನೀಲಿ ತಾಡಪಾಲಿನ ಗುಡಾರಗಳು,
ಈರುಳ್ಳಿ ಚೀಲ ಹೊರಲು ಬಂದವರು,
ಚೀಟಿ ಬೇರೆ ತಾಲ್ಲೂಕಿನದು, ಇಲ್ಲಿಯ ಪಟ್ಟಿಯಲ್ಲಿ ಸೊನ್ನೆ.
ಅವರಿಗೆಂದಿದ್ದ ಎರಡು ನಲ್ಲಿ, ನಾಲ್ಕು ಶೌಚಾಲಯ
ಆ ಸಾಲನ್ನು ಅಳಿಸಿ ಮೇಲೆ ಬರೆದದ್ದು
ಈ ಬೆರಳು.
ಅವರು ನೋಡಾಣ ಅಂದರೂ
ಯಾರ ಜೇಬಿನ ಹಾಳೆಯೂ ಅಲುಗುವುದಿಲ್ಲ.

ಮತದಾನದ ಮರುದಿನ ಜೈತುನ್‌ಬಿ ಬಂದಳು,
ಪೊಟ್ಟಣದ ತುಂಬ ಬಿಸಿ ಮಂಡಕ್ಕಿ.
ಬೆರಳಿನಲ್ಲಿ ಶಾಯಿ ಯಾವುದು ಮಸಿ ಯಾವುದು
ಗೊತ್ತಾಗಲಿಲ್ಲ, ಯಾರಿಗೆ ಅಂತ ನಾನು ಕೇಳಲಿಲ್ಲ.
ಸಂಜೆ ಕಿಟಕಿಯಲ್ಲಿ ನಿಂತು ತಿಂದೆ.
ಕೆಳಗೆ ಗುಡಾರದ ಹುಡುಗಿಯೊಬ್ಬಳು
ಹೊಸ ಚರಂಡಿಯ ಅಂಚಿನ ಮೇಲೆ ಬಿಂದಿಗೆ ಇಳಿಸಿ
ಕೈ ಬದಲಿಸಿಕೊಂಡು ಹೊರಟಳು.
ಅರಳದ ಕಾಳೊಂದು ಹಲ್ಲಿಗೆ ಸಿಕ್ಕಿತು.